ಪಿನ್ನು, ಸ್ಪ್ರೇ, ದಾರ: ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ದಾರದ ಕಡೆಯವಳು. ಕ್ವಿಲ್ಟ್ ಅಂದರೆ ಕೌದಿಯಂತೆ ಪದರಗಳನ್ನು ಸೇರಿಸಿ ಹೊಲಿದ ಹೊದಿಕೆ. ಅದರ ಮೇಲ್ಪದರ, ನಡುವಿನ ಮೆತ್ತನೆಯ ಪದರವಾದ ಬ್ಯಾಟಿಂಗ್, ಹಿಂಬದಿ ಬಟ್ಟೆ ಮೂರನ್ನೂ ಅಸಲಿ ಹೊಲಿಗೆ ಬೀಳುವವರೆಗೆ ಜರುಗದಂತೆ ಹಿಡಿದಿಡಬೇಕಲ್ಲ, ಆ ಬೇಸ್ಟಿಂಗ್ ಕೆಲಸವನ್ನು ವರ್ಷಗಟ್ಟಲೆ ಪಿನ್ನಿನಲ್ಲಿ ಮಾಡಿದೆ, ಆಮೇಲೆ ಸ್ಪ್ರೇ ಅಂಟಿಗೆ ಮರುಳಾದೆ, ಈಗ ಸೂಜಿ ದಾರ ಹಿಡಿದು ಕಚ್ಚಾ ಹೊಲಿಗೆ ಹಾಕುತ್ತಿದ್ದೇನೆ. ಹಿಂದಿನವರು ಮಾಡುತ್ತಿದ್ದುದೂ ಇದನ್ನೇ. ಇಷ್ಟೆಲ್ಲ ಸುತ್ತಾಡಿ ಅಲ್ಲಿಗೇ ಬರುವಷ್ಟರಲ್ಲಿ ನನ್ನದೊಂದು ಕ್ವಿಲ್ಟ್ ಕೆಟ್ಟಿತು.

ಪಿನ್ನಿನ ಬಗ್ಗೆ ನನಗೆ ದೊಡ್ಡ ದೂರೇನಿಲ್ಲ. ಒಮ್ಮೆ ಕೊಂಡರೆ ಆಯಿತು, ಮತ್ತೆ ಖರ್ಚಿಲ್ಲ. ಬಾಗಿದ ಸೇಫ್ಟಿ ಪಿನ್ ಆದರೆ ಪದರಗಳನ್ನು ಎತ್ತಿ ಹಿಡಿಯದೆಯೇ ಚುಚ್ಚಿ ಹೊರತೆಗೆಯಬಹುದು. ಆದರೆ ಲೆಕ್ಕ ನೋಡಿ: 60 ಇಂಚು ಅಗಲ, 72 ಇಂಚು ಉದ್ದದ ಕ್ವಿಲ್ಟ್‌ಗೆ 4 ಇಂಚಿಗೊಂದರಂತೆ ಹಾಕಿದರೂ 270 ಪಿನ್. ಅಷ್ಟನ್ನೂ ನೆಲದ ಮೇಲೆ ಮಂಡಿಯೂರಿ ಹಾಕಬೇಕು. ಹೊಲಿಯುವಾಗ ಒಂದೊಂದನ್ನೇ ನಿಂತು ನಿಂತು ಬಿಚ್ಚಬೇಕು. ನೂರು ದಾಟುವ ಹೊತ್ತಿಗೆ ತೋರುಬೆರಳ ತುದಿ ಮರಗಟ್ಟಿರುತ್ತದೆ, ಇನ್ನೂರಕ್ಕೆ ಮಂಡಿ ಮಾತಾಡಲು ಶುರು ಮಾಡುತ್ತದೆ. ಅರ್ಧ ಹೊಲಿದು ಮಡಚಿಟ್ಟು ತಿಂಗಳುಗಟ್ಟಲೆ ಮರೆತರೆ, ತೇವ ತಗುಲಿದ ಪಿನ್ ಬಟ್ಟೆಯ ಮೇಲೆ ತುಕ್ಕಿನ ಚುಕ್ಕೆ ಬಿಟ್ಟುಹೋಗುತ್ತದೆ. ನನ್ನಂಥ ನಿಧಾನಸ್ಥೆಗೆ ಇದು ದೊಡ್ಡ ಮಾತೇ.

ಅದಕ್ಕೇ ಸ್ಪ್ರೇ ಡಬ್ಬಿ ಕಂಡಾಗ ಕಣ್ಣರಳಿತು. ಬ್ಯಾಟಿಂಗ್ ಮೇಲೆ ಹಗುರಾಗಿ ಸಿಂಪಡಿಸು, ಬಟ್ಟೆ ಹಾಸು, ಅಂಗೈಯಿಂದ ಸವರು, ಮುಗಿಯಿತು. ಸುಕ್ಕು ಬಿದ್ದರೆ ಎತ್ತಿ ಮತ್ತೆ ಅಂಟಿಸಬಹುದು. ಮೂರು ಗಂಟೆಯ ಕೆಲಸ ಮುಕ್ಕಾಲು ಗಂಟೆಗೆ ಇಳಿಯಿತು. ಮೊದಲೆರಡು ಚಿಕ್ಕ ಕ್ವಿಲ್ಟ್‌ಗಳು ಚೆನ್ನಾಗಿಯೇ ಬಂದವು. ಪಿನ್ನಿನ ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆ.

ಮೂರನೆಯದು ಪ್ರದರ್ಶನಕ್ಕೆಂದು ಹೊಲಿದದ್ದು. ಅಚ್ಚ ಬೂದು ಬಣ್ಣದ ಸಾದಾ ಬಟ್ಟೆ, ಒಂದು ಮೂಲೆಯಲ್ಲಿ ಮಾತ್ರ ಸಾಸಿವೆ ಬಣ್ಣದ ಓರೆ ಪಟ್ಟಿಗಳು, ಮಿಕ್ಕಿದ್ದೆಲ್ಲ ಖಾಲಿ. 2009ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಮಾಡರ್ನ್ ಕ್ವಿಲ್ಟ್ ಗಿಲ್ಡ್ ಎಂಬ ಸಂಘ ಈ ಆಧುನಿಕ ಶೈಲಿಯ ಲಕ್ಷಣಗಳನ್ನು ಹೇಳುವಾಗ ದಿಟ್ಟ ಬಣ್ಣ, ಅಂದಾಜಿನ ಜೋಡಣೆಗಳ ಜೊತೆಗೆ ಇಂಥ ವಿಶಾಲವಾದ ಖಾಲಿ ಜಾಗವನ್ನೂ (ನೆಗೆಟಿವ್ ಸ್ಪೇಸ್) ಸೇರಿಸುತ್ತದೆ. ನೋಡಲು ಸುಲಭ ಅನ್ನಿಸುತ್ತದೆ. ಹೊಲಿಯುವವರಿಗೆ ಗೊತ್ತು ಅದರ ಕಷ್ಟ. ಹೂವಿನ ಚಿತ್ತಾರದ ಬಟ್ಟೆ ನಮ್ಮ ಸಣ್ಣಪುಟ್ಟ ತಪ್ಪುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಸಾದಾ ಬಟ್ಟೆ ಒಂದನ್ನೂ ಬಚ್ಚಿಡುವುದಿಲ್ಲ.

ಆದದ್ದಿಷ್ಟು. ಡಬ್ಬಿ ಮುಗಿಯುತ್ತ ಬಂದಿತ್ತು, ಇನ್ನೊಂದು ಕೊಳ್ಳಲು ಮನಸ್ಸಿರಲಿಲ್ಲ. ನಡುವಿಗೆ ಚೆನ್ನಾಗಿ ಸಿಂಪಡಿಸಿ, ಅಂಚುಗಳಿಗೆ ಬರುವಾಗ ಜಿಪುಣತನ ಮಾಡಿದೆ. ನಾನು ಹೊಲಿಯುವುದು ಮನೆಬಳಕೆಯ ಚಿಕ್ಕ ಮೆಷಿನ್ನಿನಲ್ಲಿ. ಅದರ ಕುತ್ತಿಗೆಯ ಕೆಳಗಿನ ಸಂದಿಯಲ್ಲಿ ಇಡೀ ಕ್ವಿಲ್ಟನ್ನು ಸುರುಳಿ ಸುತ್ತಿ ತೂರಿಸಬೇಕು, ಪ್ರತಿ ಸಾಲಿಗೂ ಎಳೆದು ತಿರುಗಿಸಬೇಕು. ಇಷ್ಟು ಎಳೆದಾಟ, ಅದೂ ದಿನಕ್ಕೆ ಅರ್ಧ ಗಂಟೆಯಂತೆ ಮೂರು ತಿಂಗಳು. ಅಷ್ಟರಲ್ಲಿ ಅಂಚಿನ ಅಂಟು ಸೋತು ಹಿಂಬದಿ ಬಟ್ಟೆ ಸದ್ದಿಲ್ಲದೆ ಸರಿದಿತ್ತು. ಮೇಲಿಂದ ನೋಡಿದರೆ ಸಾಲುಗಳು ಗೆರೆ ಎಳೆದಂತಿದ್ದವು. ಕೊನೆಗೆ ತಿರುಗಿಸಿ ಹಾಸಿದಾಗ ಬಲಗಡೆ ಅಂಚಿನ ಹತ್ತಿರ ಅಂಗೈ ಉದ್ದದ ನೆರಿಗೆ. ಅದರ ಮೇಲೆ ಅಡ್ಡಲಾಗಿ ಹನ್ನೊಂದು ಸಾಲು ಹೊಲಿಗೆ.

ಹಿಂಬದಿ ತಾನೇ, ಯಾರು ನೋಡುತ್ತಾರೆ ಅಂತ ಕೇಳಬೇಡಿ. ಪ್ರದರ್ಶನಗಳಲ್ಲಿ ಬಿಳಿ ಕೈಗವಸು ತೊಟ್ಟ ಸ್ವಯಂಸೇವಕರು ನಿಂತಿರುವುದೇ ಅದಕ್ಕೆ. ಯಾರಾದರೂ ಕೇಳಿದರೆ ಸಾಕು, ಅಂಚು ಎತ್ತಿ ಬೆನ್ನು ತೋರಿಸುತ್ತಾರೆ. ತೀರ್ಪುಗಾರರಂತೂ ಕೇಳದೆಯೇ ನೋಡುತ್ತಾರೆ.

ಬಿಚ್ಚಲು ಕೂತೆ. ನಾಲ್ಕೈದು ಹೊಲಿಗೆಗೊಂದನ್ನು ಕತ್ತರಿಸಿ, ಆ ಕಡೆಯಿಂದ ದಾರ ಎಳೆದು, ಒಂದೊಂದೇ ಸಾಲು. ಎರಡು ಸಂಜೆ ಹಿಡಿಯಿತು. ನೆರಿಗೆ ಹೋಯಿತು, ತೂತು ಉಳಿದವು. ಬೂದು ಬಟ್ಟೆಯ ಮೇಲೆ ಹನ್ನೊಂದು ಸಾಲು ಸೂಜಿತೂತು, ಇರುವೆ ನಡೆದುಹೋದ ಹಾಗೆ. ಉಗುರಿನಿಂದ ನೇಯ್ಗೆಯನ್ನು ಅಡ್ಡಡ್ಡ, ಉದ್ದುದ್ದ ಕೆರೆದೆ. ಆವಿ ಹಿಡಿದೆ. ಮುಕ್ಕಾಲು ಪಾಲು ಮುಚ್ಚಿಕೊಂಡವು. ಉಳಿದವು ಬೆಳಕು ಓರೆಯಾಗಿ ಬಿದ್ದಾಗ ಈಗಲೂ ಕಾಣುತ್ತವೆ. ಹಿಂಬದಿ ಬಟ್ಟೆಯೂ ಅಲ್ಲಿ ಹೆಚ್ಚಾಗಿ ಉಳಿದು, ಮತ್ತೆ ಹೊಲಿದಾಗ ಅಂಚು ಅಲೆಯೆದ್ದಿತು. ತೂಗುಹಾಕಿದರೆ ಬಲ ಮೂಲೆ ಗೋಡೆಗೆ ಕೂರುವುದೇ ಇಲ್ಲ. ಪ್ರದರ್ಶನಕ್ಕೆ ಕಳಿಸಲಿಲ್ಲ.

ತಪ್ಪು ಸ್ಪ್ರೇಯದೋ ನನ್ನದೋ ಅಂದರೆ ಅರ್ಧ ನನ್ನದೇ. ಪೂರ್ತಿ ಸಿಂಪಡಿಸಿ, ವಾರದೊಳಗೆ ಹೊಲಿದು ಮುಗಿಸುವವರಿಗೆ ಹೀಗಾಗಲಿಕ್ಕಿಲ್ಲ. ಆದರೆ ಅತಿಯಾಗಿ ಸಿಂಪಡಿಸಿದರೂ ಕಷ್ಟವೇ: ಸೂಜಿಗೆ ಅಂಟು ಮೆತ್ತಿ ಹೊಲಿಗೆ ತಪ್ಪುತ್ತದೆ, ಆಗಾಗ ಸ್ಪಿರಿಟ್‌ನಲ್ಲಿ ಒರೆಸಬೇಕು. ವಾಸನೆ ಬೇರೆ. ಕಿಟಕಿ ತೆರೆದಿರಬೇಕು, ಹತ್ತಿರದಲ್ಲಿ ಬೆಂಕಿ ಇರಬಾರದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಾಗಿಲು ಹಾಕಿಕೊಂಡು ಕೆಲಸ ಮಾಡುವ ನನಗೆ ಅದೂ ಹೊಂದಲಿಲ್ಲ.

ಇನ್ನು ದಾರ. ನೆಲದ ಮೇಲೆ ಕೂತು ಹಾಕುವ ಹಳೆಯ ರೀತಿಯಾಗಿದ್ದರೆ ನಾನೂ ಒಪ್ಪುತ್ತಿರಲಿಲ್ಲ. ಅಮೆರಿಕದ ಕ್ವಿಲ್ಟ್ ಕಲಾವಿದೆ ಶ್ಯಾರನ್ ಶಾಂಬರ್ ಹೇಳಿಕೊಟ್ಟು ಜನಪ್ರಿಯವಾದ ಹಲಗೆ ವಿಧಾನ ನನ್ನ ಮಂಡಿ ಉಳಿಸಿತು. ಕ್ವಿಲ್ಟ್‌ನ ಅಗಲಕ್ಕಿಂತ ತುಸು ಉದ್ದವಾದ ಎರಡು ಮರದ ಪಟ್ಟಿ. ಒಂದಕ್ಕೆ ಮೇಲ್ಪದರ, ಇನ್ನೊಂದಕ್ಕೆ ಹಿಂಬದಿ ಬಟ್ಟೆ ಸುತ್ತಿಡುವುದು. ಮೇಜಿನ ಮೇಲೆ ಬ್ಯಾಟಿಂಗನ್ನು ನಡುವೆ ಇಟ್ಟು ಎರಡನ್ನೂ ಸ್ವಲ್ಪ ಸ್ವಲ್ಪವೇ ಬಿಚ್ಚುತ್ತ, ಕಾಣುವ ಭಾಗಕ್ಕಷ್ಟೇ ಉದ್ದುದ್ದ ಓರೆ ಹೊಲಿಗೆ ಹಾಕುತ್ತ ಹೋಗುವುದು. ಹಲಗೆಯ ಭಾರವೇ ಬಟ್ಟೆಯನ್ನು ಹದವಾಗಿ ಎಳೆದು ಹಿಡಿಯುತ್ತದೆ. ನೆಲಕ್ಕೆ ಟೇಪ್ ಹಾಕಿ ಬಿಗಿಯುವಾಗ ಎಳೆತ ಹೆಚ್ಚಾಗಿ, ಟೇಪ್ ಕಿತ್ತ ಕೂಡಲೇ ಹಿಂಬದಿ ಮುದುಡಿಕೊಳ್ಳುವ ರಗಳೆ ಇಲ್ಲಿಲ್ಲ. ಎಡಗೈಯಲ್ಲೊಂದು ಚಮಚ ಇಟ್ಟುಕೊಂಡಿರುತ್ತೇನೆ: ಸೂಜಿಯ ಮೊನೆ ಮೇಲೆ ಬರುವ ಕಡೆ ಚಮಚದ ಅಂಚು ಒತ್ತಿದರೆ ಮೊನೆ ತಾನೇ ಅದರ ಮೇಲೆ ಏರಿ ಬರುತ್ತದೆ, ಬೆರಳಿಗೆ ಚುಚ್ಚುವುದಿಲ್ಲ.

ಎರಡು ಸಂಜೆ ಬೇಕು, ನಿಜ. ರೇಡಿಯೋ ಹಾಕಿಕೊಂಡು ಕೂರುತ್ತೇನೆ. ಖರ್ಚು ಅಂದರೆ ಅಗ್ಗದ ತೆಳು ಹತ್ತಿ ದಾರದ್ದಷ್ಟೇ. ಒಮ್ಮೆ ಹಾಕಿಟ್ಟರೆ ಆರು ತಿಂಗಳು ಬಿಟ್ಟರೂ ಅಲ್ಲಾಡುವುದಿಲ್ಲ.

ತೊಂದರೆ ಇಲ್ಲವೆಂದಲ್ಲ. ಬಟ್ಟೆಯನ್ನು ಒತ್ತಿ ಹಿಡಿಯುವ ಮೆಷಿನ್ ಪಾದದ ಬೆರಳುಗಳಿಗೆ ದಾರ ಸಿಕ್ಕಿಕೊಳ್ಳುತ್ತದೆ, ಮುಂದುಗಡೆ ತೆರೆದಿರುವ ಪಾದವಂತೂ ಇನ್ನೂ ಹೆಚ್ಚು. ಕಾಲು ಇಂಚಿಗೊಂದು ಸಾಲು ಹೊಲಿದರೆ ಕಚ್ಚಾ ದಾರ ಅಡಿಯಲ್ಲಿ ಸಿಕ್ಕು ಚಿಮುಟದಿಂದ ಕೀಳಬೇಕಾಗುತ್ತದೆ. ಅದಕ್ಕೆಂದೇ ನೀರಲ್ಲಿ ಕರಗುವ ದಾರ ತಂದೆ. ಸೂಜಿಗೆ ಪೋಣಿಸಲು ಅಭ್ಯಾಸಬಲದಿಂದ ತುದಿಯನ್ನು ನಾಲಿಗೆಗೆ ತಾಗಿಸಿದೆ, ತುದಿ ಅಲ್ಲೇ ಕರಗಿ ಲೋಳೆಯಾಯಿತು. ಮತ್ತೆ ಕೊಂಡಿಲ್ಲ.

ಇಸ್ತ್ರಿಗೆ ಅಂಟುವ ಬ್ಯಾಟಿಂಗ್: ಒಂದು ಸಲ ಬಳಸಿದೆ, ಗಟ್ಟಿಯಾಗಿ ಕೂತಿತು, ಹಿಡಿಸಲಿಲ್ಲ. ಲಾಂಗ್‌ಆರ್ಮ್ ಎಂಬ ದೊಡ್ಡ ಕ್ವಿಲ್ಟಿಂಗ್ ಮೆಷಿನ್: ಪದರಗಳು ಅದರ ರೋಲರುಗಳ ಮೇಲೇ ಬಿಗಿಯಾಗಿರುವುದರಿಂದ ಬೇಸ್ಟಿಂಗೇ ಬೇಡ, ಆದರೆ ಅದನ್ನಿಡಲು ನನ್ನಲ್ಲಿ ಕೋಣೆಯೂ ಇಲ್ಲ, ಕೊಳ್ಳಲು ಕಾಸೂ ಇಲ್ಲ.

ಇಷ್ಟೆಲ್ಲ ಹೇಳಿ, ಕಲಿಸುವಾಗ ನಾನೇ ಪಿನ್ ಹಂಚುತ್ತೇನೆ ಎಂದರೆ ನಗಬೇಡಿ. ಒಂದು ದಿನದ ತರಗತಿಯಲ್ಲಿ ಹೊಸಬರಿಗೆ ದಾರ ಹಾಕಿಸುತ್ತ ಕೂತರೆ ಅಸಲಿ ಹೊಲಿಗೆ ಶುರುವಾಗುವುದೇ ಇಲ್ಲ, ಸ್ಪ್ರೇ ಹೊಡೆದರೆ ಹತ್ತು ಜನ ಒಟ್ಟಿಗೆ ಕೆಮ್ಮುತ್ತಾರೆ. ಪಿನ್ ಆದರೆ ತಪ್ಪು ಎಲ್ಲಿ ಅಂತ ತಕ್ಷಣ ಕಾಣುತ್ತದೆ. ಒಬ್ಬರು ಬಲು ಶ್ರದ್ಧೆಯಿಂದ ನಾಲ್ಕು ಪದರ ಪಿನ್ ಮಾಡಿದ್ದರು. ಎತ್ತಿದಾಗ ನಾಲ್ಕನೆಯದು ಮೇಜುಬಟ್ಟೆ.

ಹಾಗಾಗಿ ಮಗುವಿನ ಹೊದಿಕೆಯಷ್ಟು ಚಿಕ್ಕದಾದರೆ, ವಾರದಲ್ಲಿ ಮುಗಿಯುವುದಾದರೆ ಪಿನ್ನೋ ಸ್ಪ್ರೇಯೋ ನಿಮ್ಮಿಷ್ಟ. ಹಾಸಿಗೆಯಗಲದ್ದು, ಸಾದಾ ಬಟ್ಟೆಯದ್ದು, ಅದೂ ನನ್ನಂತೆ ಬಿಡುವಾದಾಗ ಹೊಲಿಯುವವರಾದರೆ ಎರಡು ಹಲಗೆ, ಒಂದು ಚಮಚ ಹುಡುಕಿಕೊಳ್ಳಿ. ಆ ಬೂದು ಕ್ವಿಲ್ಟ್ ಈಗ ನನ್ನ ಮಂಚದ ಮೇಲಿದೆ, ಬಲ ಮೂಲೆಯನ್ನು ಹಾಸಿಗೆಯಡಿ ಸಿಕ್ಕಿಸಿಟ್ಟಿದ್ದೇನೆ.