ಎಂಸಿಟಿ-ಎಲ್‌ಸಿಟಿ ಪ್ರೊಪೊಫಾಲ್ 1%: ಉರಿ ತಗ್ಗುತ್ತದೆ, ಲಿಗ್ನೊಕೇನ್ ಮಾತ್ರ ಬಿಡಬೇಡಿ

ತುಮಕೂರಿನ ನರ್ಸಿಂಗ್ ಹೋಮ್‌ಗಳ ಆಪರೇಷನ್ ಥಿಯೇಟರಿಗೆ ಯಾವ ಪ್ರೊಪೊಫಾಲ್ (ರಕ್ತನಾಳಕ್ಕೆ ಕೊಡುವ, ಎಣ್ಣೆ-ನೀರಿನ ಮಿಶ್ರಣದ ಅರಿವಳಿಕೆ ಔಷಧಿ) ತರಿಸಬೇಕು ಎಂದು ಕೇಳುವವರಿಗೆ ಈ ವಿಮರ್ಶೆ. ಮುಂಜಾಗ್ರತೆಯಿಲ್ಲದೆ ಕೊಟ್ಟರೆ ಹತ್ತರಲ್ಲಿ ಸುಮಾರು ಆರು ಜನ "ಕೈ ಉರೀತಿದೆ ಸಾರ್" ಅನ್ನುತ್ತಾರೆ. ಎಣ್ಣೆಯ ಹನಿಯೊಳಗೆ ಸೇರದೆ ನೀರಿನಲ್ಲೇ ಉಳಿದ ಪ್ರೊಪೊಫಾಲ್ ರಕ್ತನಾಳದ ಒಳಗೋಡೆಗೆ ತಾಗುವುದೇ ಈ ಉರಿಗೆ ಮುಖ್ಯ ಕಾರಣ. ಹಳೆಯ ಬಗೆಯಲ್ಲಿ ಇರುವುದು ಸೋಯಾ ಎಣ್ಣೆ ಮಾತ್ರ. ಎಂಸಿಟಿ-ಎಲ್‌ಸಿಟಿ ಬಗೆಯಲ್ಲಿ ಆ ಉದ್ದ ಸರಪಳಿಯ ಕೊಬ್ಬಿನ (ಎಲ್‌ಸಿಟಿ) ಜೊತೆ ಮಧ್ಯಮ ಸರಪಳಿಯ ಕೊಬ್ಬೂ (ಎಂಸಿಟಿ) ಸೇರಿದೆ (ಎಂಸಿಟಿಯ ದೊಡ್ಡ ಮೂಲ ತೆಂಗಿನೆಣ್ಣೆ, ತಿಪಟೂರಿನವರಿಗೆ ಹೇಳಬೇಕಿಲ್ಲ). ಹಾಗಾಗಿ ನೀರಿನಲ್ಲಿ ಉಳಿಯುವ ಔಷಧಿ ಕಡಿಮೆ, ಉರಿಯೂ ಕಡಿಮೆ. ಪೂರ್ತಿ ಹೋಗುವುದಿಲ್ಲ.

ಬಾಟಲಿಗಿಂತ ನರದ (ಅಂದರೆ ಸಿರೆಯ) ಆಯ್ಕೆ ಮುಖ್ಯ. ಮುಂಗೈಯ ಸಣ್ಣ ನರಕ್ಕಿಂತ ಮೊಣಕೈ ಮಡಿಕೆಯ ದಪ್ಪ ನರ ಎಷ್ಟೋ ಮೇಲು, ಅದಕ್ಕೆ ಖರ್ಚೂ ಇಲ್ಲ. ಆದರೆ ಅಲ್ಲೇ ಅಪಧಮನಿಯೂ ಇದೆ. ಕ್ಯಾನುಲಾ (ನರದೊಳಗೆ ಇಡುವ ಸಣ್ಣ ನಳಿಕೆ) ಹಾಕಿದ ಮೇಲೆ ಡ್ರಿಪ್ ಸಲೀಸಾಗಿ ಓಡುವುದನ್ನು ನೋಡಿ, ಕೈ ಮಡಚದಂತೆ ಇಡಿ. ಪಾವಗಡ, ಶಿರಾ ಕಡೆಯಿಂದ ರಾತ್ರಿಯೆಲ್ಲ ನೀರೂ ಕುಡಿಯದೆ ಬಂದವರಿಗೆ ಒಳ್ಳೆಯ ನರ ಸಿಗುವುದೇ ಕಷ್ಟ. ಹೊಟ್ಟೆ ನಿಧಾನವಾಗಿ ಖಾಲಿಯಾಗುವ ತೊಂದರೆ ಇಲ್ಲದವರಿಗೆ ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೆ ಬರೀ ನೀರು ಕೊಡಬಹುದು ಎಂದು ವಾರ್ಡಿಗೆ ತಿಳಿಸಿ.

ಮುಂಗೈಯೇ ಗತಿಯಾದರೆ: ಡ್ರಿಪ್ ನಿಲ್ಲಿಸಿ, ಕೈ ಎತ್ತಿ ರಕ್ತ ಇಳಿಸಿ, ತೋಳಿಗೆ ಟೂರ್ನಿಕೆಟ್ (ರಕ್ತ ತಡೆಯುವ ಪಟ್ಟಿ) ಬಿಗಿಯಿರಿ. ಅಡ್ರಿನಲಿನ್ ಇಲ್ಲದ 2% ಲಿಗ್ನೊಕೇನ್ (ಮರಗಟ್ಟಿಸುವ ಔಷಧಿ) 2 ಮಿ.ಲೀ., ಅಂದರೆ 40 ಮಿ.ಗ್ರಾಂ, ಕೊಟ್ಟು ಒಂದು ನಿಮಿಷ ಕಾಯಿರಿ. ಬಿಚ್ಚಿದ ಕೂಡಲೇ ಪ್ರೊಪೊಫಾಲ್. ಬಹುತೇಕ ಕಡೆ ಎಡವುವುದು ಆ ಒಂದು ನಿಮಿಷದಲ್ಲೇ: ಹತ್ತು ಸೆಕೆಂಡಿಗೆ ಬಿಚ್ಚಿದರೆ ಲಿಗ್ನೊಕೇನ್ ನರದ ಗೋಡೆಯ ಮೇಲೆ ಕೆಲಸ ಮಾಡುವ ಮೊದಲೇ ರಕ್ತದೊಡನೆ ಹೊರಟುಹೋಗುತ್ತದೆ.

ಒಂದೇ ಸಿರಿಂಜಿನಲ್ಲಿ ಎರಡನ್ನೂ ಬೆರೆಸುವವರು 20 ಮಿ.ಲೀ. ಪ್ರೊಪೊಫಾಲ್‌ಗೆ 20 ಮಿ.ಗ್ರಾಂ ಲಿಗ್ನೊಕೇನ್ ಮೀರಬೇಡಿ, ಕೊಡುವ ಮುನ್ನವಷ್ಟೇ ಬೆರೆಸಿ. ಹೆಚ್ಚು ಹಾಕಿ ಇಟ್ಟರೆ ಎಣ್ಣೆಯ ಹನಿಗಳು ಒಂದಕ್ಕೊಂದು ಕೂಡಿ ದೊಡ್ಡದಾಗುತ್ತವೆ. ಮೇಲೆ ಎಣ್ಣೆ ತೇಲುವುದು ಕಂಡರೆ ಎಸೆಯಲೇಬೇಕು.

ಎಂಸಿಟಿ-ಎಲ್‌ಸಿಟಿ ಬಗೆಯ ಬೆಲೆ ಸಾಮಾನ್ಯದ್ದಕ್ಕಿಂತ ಹೆಚ್ಚು. ಸಣ್ಣ ನರದ ಮಕ್ಕಳಿಗೆ, ಮುಂಗೈ ಬಿಟ್ಟರೆ ಬೇರೆ ನರ ಸಿಗದವರಿಗೆ ಆ ಹಣ ಸಾರ್ಥಕ. ಉಳಿದವರಿಗೆ ದಪ್ಪ ನರ, ಲಿಗ್ನೊಕೇನ್ ಎರಡೇ ಸಾಕು. ಬೇಸಿಗೆಯಲ್ಲಿ 25 ಡಿಗ್ರಿ ಮೀರದ ಕಡೆ ಇಡಿ, ಫ್ರೀಜರಿಗೆ ಹಾಕಬೇಡಿ. ಎಣ್ಣೆಯಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ: ಒಂದು ವಯಲ್ ಒಬ್ಬರಿಗೇ, ಸಿರಿಂಜಿಗೆ ಎಳೆದದ್ದು ಆರು ಗಂಟೆ ದಾಟಿದರೆ ಚೆಲ್ಲಿ.