ಪಿಕಪ್‌ಗೆ ಓಬಿಡಿ ಮಾನಿಟರ್: ಎರಡು ಕೊಯ್ಲು, ಎರಡು ಮಳೆಗಾಲ ಬಳಸಿದ ಮೇಲೆ

ನಿಮ್ಮದು 2020ರ ಏಪ್ರಿಲ್ ನಂತರದ ಬಿಎಸ್ 6 ಡೀಸೆಲ್ ಪಿಕಪ್ ಆಗಿದ್ದು ಅದರಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ಈ ಮಾನಿಟರ್ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಬಿಎಸ್ 4 ಕಾಮನ್ ರೈಲ್ (ಡೀಸೆಲ್ ಸಿಂಪಡಣೆಯನ್ನು ಕಂಪ್ಯೂಟರ್ ನೋಡಿಕೊಳ್ಳುವ) ಗಾಡಿಗಾದರೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಮೆಕ್ಯಾನಿಕಲ್ ಪಂಪಿನ ಹಳೇ ಗಾಡಿಯಲ್ಲಿ ಓದುವುದಕ್ಕೆ ಏನೂ ಇರುವುದಿಲ್ಲ, ದುಡ್ಡು ಉಳಿಸಿ.

ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಓಬಿಡಿ (ಗಾಡಿಯ ದೋಷ ಓದುವ) ಸಾಕೆಟ್‌ಗೆ ಚುಚ್ಚಿ, ಬ್ಲೂಟೂತ್‌ನಲ್ಲಿ ಫೋನಿಗೆ ಎಂಜಿನ್ನಿನ ಲೆಕ್ಕ ಕಳಿಸುವ ಬೆಂಕಿಪೊಟ್ಟಣದಷ್ಟು ಅಡಾಪ್ಟರ್ ಇದು. ಫೋನಿನಲ್ಲಿ ಟಾರ್ಕ್ ಪ್ರೊ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ಸಾಕು. ಇಂಟರ್ನೆಟ್ ಬೇಡ, ಆದ್ದರಿಂದ ಸಿಗ್ನಲ್ ಇಲ್ಲದ ತೋಟದಲ್ಲೂ ಕೆಲಸ ಮಾಡುತ್ತದೆ.

ಕೊಡಗಿನಲ್ಲಿ ಇದರ ನಿಜವಾದ ಉಪಯೋಗ ಡಿಪಿಎಫ್ ಕಾಯುವುದು. ಕೊಯ್ಲಿನ ದಿನಗಳಲ್ಲಿ ಪಿಕಪ್ ಮಾಡುವ ಕೆಲಸ ನೋಡಿ: ತೋಟದಿಂದ ಕಣಕ್ಕೆ, ಕಣದಿಂದ ಗೋಡೌನಿಗೆ, ಒಂದನೇ ಎರಡನೇ ಗೇರಿನಲ್ಲಿ ಮೂರು ಕಿಲೋಮೀಟರ್, ಆಮೇಲೆ ಎಂಜಿನ್ ಆಫ್. ಸೈಲೆನ್ಸರ್ ಬಿಸಿಯೇ ಆಗುವುದಿಲ್ಲ. ಫಿಲ್ಟರಿನಲ್ಲಿ ಕೂತ ಮಸಿ ಸುಡಬೇಕಾದರೆ ಒಳಗೆ 550ರಿಂದ 600 ಡಿಗ್ರಿ ಸೆಲ್ಸಿಯಸ್ ಬೇಕು. ಇದಕ್ಕಾಗಿ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ, ಒಂದೇ ಸಮನೆ ಓಡಿದರೆ ಸಾಮಾನ್ಯವಾಗಿ 15-20 ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ನಡುವೆ ಕೀ ತಿರುಗಿಸಿ ಇಳಿದುಹೋದರೆ ರೀಜೆನ್, ಅಂದರೆ ಈ ಮಸಿ ಸುಡುವ ಕೆಲಸ, ಅರ್ಧಕ್ಕೆ ನಿಂತಿತು. ಹೀಗೆ ಮತ್ತೆ ಮತ್ತೆ ಆದರೆ ಮಸಿ ಏರುತ್ತಲೇ ಹೋಗುತ್ತದೆ. ಸಿಲಿಂಡರಿನೊಳಗೇ ತಡವಾಗಿ ಡೀಸೆಲ್ ಸಿಂಪಡಿಸುವ ಎಂಜಿನ್ನುಗಳಲ್ಲಿ ಸುಡದೆ ಉಳಿದ ಡೀಸೆಲ್ ಗೋಡೆಗುಂಟ ಇಳಿದು ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮ್ಯಾಕ್ಸ್ ಗೆರೆ ದಾಟಿ, ಬೆರಳಿಗೆ ನೀರು ನೀರಾಗಿ ಹತ್ತಿ, ಡೀಸೆಲ್ ವಾಸನೆ ಬಂದರೆ ಕಾರಣ ಬಹುಮಟ್ಟಿಗೆ ಇದೇ. ಆಗ ಕಿಲೋಮೀಟರ್ ಲೆಕ್ಕ ನೋಡದೆ ಆಯಿಲ್ ಬದಲಿಸಿ.

ಡ್ಯಾಶ್‌ಬೋರ್ಡಿನ ದೀಪ ಹೊತ್ತಿಕೊಳ್ಳುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಆ್ಯಪ್‌ನಲ್ಲಿ ನಿಮ್ಮ ಗಾಡಿಯ ಪ್ರೊಫೈಲ್ ಹಾಕಿದರೆ ಮಸಿಯ ಪ್ರಮಾಣ ಶೇಕಡಾದಲ್ಲೋ ಗ್ರಾಮಿನಲ್ಲೋ ಬರುತ್ತದೆ. ಅದು ಸಿಗದ ಗಾಡಿಯಲ್ಲಿ ಫಿಲ್ಟರಿನ ಹಿಂದುಮುಂದಿನ ಒತ್ತಡದ ವ್ಯತ್ಯಾಸ ಮತ್ತು ಸೈಲೆನ್ಸರ್ ಉಷ್ಣತೆ ನೋಡಿಕೊಳ್ಳಿ. ಎಷ್ಟಕ್ಕೆ ರೀಜೆನ್ ಶುರುವಾಗುತ್ತದೆ ಎನ್ನುವುದು ಗಾಡಿಯಿಂದ ಗಾಡಿಗೆ ಬೇರೆ, ಮೂರು ನಾಲ್ಕು ಸಲ ಬರೆದಿಟ್ಟರೆ ನಿಮ್ಮದರ ಅಂಕಿ ಗೊತ್ತಾಗುತ್ತದೆ. ಐಡಲ್ ಆರ್‌ಪಿಎಂ ಸ್ವಲ್ಪ ಏರಿ, ಉಷ್ಣತೆ 500 ದಾಟಿತೆಂದರೆ ಸುಡುತ್ತಿದೆ ಎಂದರ್ಥ, ಆಫ್ ಮಾಡಬೇಡಿ. ಕುಶಾಲನಗರದ ಕಡೆಯವರಾದರೆ ಬೈಲಕುಪ್ಪೆ, ಪಿರಿಯಾಪಟ್ಟಣದ ದಾರಿ ಹಿಡಿಯಿರಿ, ಸಮತಟ್ಟು ರಸ್ತೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಶುರುವಾದರೆ ಮುಗಿಯುವ ಭರವಸೆ ಇಲ್ಲ. ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲಿ ಇಳಿಯುವಾಗ ಡೀಸೆಲ್ ಕಟ್ ಆಗಿ ಸೈಲೆನ್ಸರ್ ತಣ್ಣಗಾಗುತ್ತದೆ. ಲೋಡ್ ಹೊತ್ತು ಅದೇ ಘಾಟಿ ಹತ್ತುವಾಗ ಚೆನ್ನಾಗಿ ಸುಡುತ್ತದೆ.

ಫೆಬ್ರವರಿ, ಮಾರ್ಚಿನಲ್ಲಿ ಇನ್ನೊಂದು ಎಚ್ಚರ: ರೀಜೆನ್ ನಡೆಯುತ್ತಿರುವ ಗಾಡಿಯನ್ನು ಸಿಲ್ವರ್ ಓಕಿನ ಒಣ ತರಗೆಲೆಯ ಮೇಲೆ ನಿಲ್ಲಿಸಬೇಡಿ. ಕೆಳಗಿರುವುದು ಕೆಂಡದಂಥ ಪೈಪು.

ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಉಷ್ಣತೆಯ ಅಂಕಿಯೂ ಡಿಪಿಎಫ್‌ಗೆ ಸಂಬಂಧಪಟ್ಟದ್ದೇ. ಡ್ಯಾಶಿನ ಮುಳ್ಳು ಎಷ್ಟೋ ಗಾಡಿಗಳಲ್ಲಿ 80 ಇದ್ದರೂ 100 ಇದ್ದರೂ ನಡುವಿನಲ್ಲೇ ನಿಂತಿರುತ್ತದೆ, ಆ್ಯಪ್ ನಿಜ ಹೇಳುತ್ತದೆ. ಏರಿನಲ್ಲಿ 100ರ ಹತ್ತಿರ ಹೋಗಿ ಮೇಲೆ ತಲುಪಿದ ಕೂಡಲೇ ಇಳಿದರೆ ಹೆದರಬೇಕಿಲ್ಲ. ಇಳಿಯದೆ ಏರುತ್ತಲೇ ಇದ್ದರೆ ರೇಡಿಯೇಟರ್ ಮುಂದೆ ಕೂತ ಕೆಸರು, ಹುಲ್ಲಿನ ಬೀಜ ನೋಡಿ. ಇದಕ್ಕೆ ವಿರುದ್ಧವಾಗಿ ಡಿಸೆಂಬರಿನ ಬೆಳಿಗ್ಗೆ ಅರ್ಧ ಗಂಟೆ ಓಡಿದರೂ 65-70ರಲ್ಲೇ ನಿಂತರೆ ಥರ್ಮೋಸ್ಟಾಟ್ ತೆರೆದೇ ಕಚ್ಚಿಕೊಂಡಿದೆ. ಪಿ0128 ಎಂಬ ದೋಷದ ಕೋಡ್ ಬರುವುದು ಇದಕ್ಕೇ. ಎಂಜಿನ್ ಬಿಸಿಯಾಗದೆ ಇಸಿಯು ರೀಜೆನ್‌ಗೇ ಕೈಹಾಕುವುದಿಲ್ಲ. ಒಂದು ಥರ್ಮೋಸ್ಟಾಟಿನ ಖರ್ಚು ಉಳಿಸಲು ಹೋಗಿ ಫಿಲ್ಟರ್ ಕಟ್ಟಿಸಿಕೊಳ್ಳುವುದೆಂದರೆ ಹೀಗೆ.

ಟರ್ಬೊ ಬೂಸ್ಟ್ (ಟರ್ಬೊ ಒತ್ತಿ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ) ಓದುವಾಗ ಎತ್ತರ ಮರೆಯಬಾರದು. ಮಡಿಕೇರಿಯ ಸುಮಾರು 1150 ಮೀಟರಿನಲ್ಲಿ ಹೊರಗಿನ ಗಾಳಿಯ ಒತ್ತಡ 88 ಕಿಲೋಪಾಸ್ಕಲ್ ಆಸುಪಾಸು, ಮಂಗಳೂರಿನಲ್ಲಿ 101. ಎಂಎಪಿ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ) ಅಂಕಿಯಿಂದ ಇದನ್ನು ಕಳೆದರೆ ಬೂಸ್ಟ್. ಆ್ಯಪ್ 101 ಎಂದೇ ಹಿಡಿದು ಕಳೆಯುತ್ತಿದ್ದರೆ ಬೂಸ್ಟ್ ಕಡಿಮೆ ಕಾಣುತ್ತದೆ, ಟರ್ಬೊ ಹೋಯಿತೆಂದು ಗಾಬರಿ ಬೇಡ. ಪಿ0299 (ಬೂಸ್ಟ್ ಕಮ್ಮಿ ಎನ್ನುವ ಕೋಡ್) ಬಂದು, ಎಳೆತ ಕಮ್ಮಿಯಾಗಿ ಕಪ್ಪು ಹೊಗೆಯೂ ಇದ್ದರೆ ಮೊದಲು ಇಂಟರ್‌ಕೂಲರ್ ಹೋಸಿನ ಕ್ಲಾಂಪ್ ಮುಟ್ಟಿ ನೋಡಿ. ಸಂದಿನಲ್ಲಿ ಎಣ್ಣೆಜಿಡ್ಡಿನ ಮೇಲೆ ದೂಳು ಉಂಗುರದಂತೆ ಕೂತಿದ್ದರೆ ಗಾಳಿ ಸೋರುತ್ತಿರುವುದು ಅಲ್ಲೇ. ಪಿ0087, ಅಂದರೆ ರೈಲಿನಲ್ಲಿ (ಇಂಜೆಕ್ಟರಿಗೆ ಡೀಸೆಲ್ ಕೊಡುವ ಪೈಪಿನಲ್ಲಿ) ಒತ್ತಡ ಕಮ್ಮಿ ಎಂದು ಏರಿನಲ್ಲಷ್ಟೇ ಬಂದರೆ ಪಂಪಿಗೆ ಕೈಹಾಕುವ ಮೊದಲು ಡೀಸೆಲ್ ಫಿಲ್ಟರ್ ಬದಲಿಸಿ, ನೀರು ಇಳಿಸಿ.

ಮೈಲೇಜ್ ಅಂಕಿಯನ್ನು ನಂಬಲೇಬೇಡಿ. ಹಲವು ಆ್ಯಪ್‌ಗಳು ಗಾಳಿಯ ಹರಿವನ್ನು ಪೆಟ್ರೋಲಿನ 14.7 ಅನುಪಾತದಿಂದ ಭಾಗಿಸಿ ಲೆಕ್ಕ ಹಾಕುತ್ತವೆ. ಡೀಸೆಲ್ ಎಂಜಿನ್ ಅದಕ್ಕಿಂತ ಎಷ್ಟೋ ಹೆಚ್ಚು ಗಾಳಿ ಎಳೆಯುತ್ತದೆ. ಟ್ಯಾಂಕ್ ಫುಲ್ ಮಾಡಿ ಲೆಕ್ಕ ಹಾಕುವ ಹಳೇ ಪದ್ಧತಿಯೇ ಸರಿ.

ಈಗ ದೂರುಗಳು. ಸಾಕೆಟ್ಟಿನ 16ನೇ ಪಿನ್ನಿಗೆ ಕೀ ಆಫ್ ಇದ್ದರೂ ಬ್ಯಾಟರಿ ಕರೆಂಟ್ ಬರುತ್ತದೆ. ಅಡಾಪ್ಟರ್ 50 ಮಿಲಿಆಂಪ್ ಎಳೆದರೆ ದಿನಕ್ಕೆ 1.2 ಆಂಪ್‌ಅವರ್. ಜುಲೈ ಮಳೆಯಲ್ಲಿ ಗಾಡಿ ಇಪ್ಪತ್ತು ದಿನ ಶೆಡ್ಡಿನಲ್ಲೇ ಇದ್ದರೆ 24 ಆಂಪ್‌ಅವರ್ ಹೋಯಿತು, ಸ್ವಲ್ಪ ಹಳೇ ಬ್ಯಾಟರಿಯಾದರೆ ಸ್ಟಾರ್ಟ್ ಆಗಲಿಕ್ಕಿಲ್ಲ. ತಾನಾಗಿ ನಿದ್ದೆಗೆ ಹೋಗುವ ಮಾದರಿ ಕೊಳ್ಳಿ, ಇಲ್ಲವೇ ಕಿತ್ತಿಡಿ. ಐನೂರು ರೂಪಾಯಿಯ ನಕಲಿಗಳಲ್ಲಿ ಇಎಲ್‌ಎಂ327ರ (ಇಂಥ ಅಡಾಪ್ಟರಿನೊಳಗಿನ ಚಿಪ್) 1.5 ಆವೃತ್ತಿ ಎಂದು ಬರೆದಿರುತ್ತದೆ. ಮೂಲ ಕಂಪನಿ ಅಂಥ ಆವೃತ್ತಿಯನ್ನು ಹೊರತಂದೇ ಇರಲಿಲ್ಲ. ಕೆಲವು ನಡೆಯುತ್ತವೆ ನಿಜ, ಆದರೆ ಉದ್ದದ ಉತ್ತರ ಬರುವ ಡಿಪಿಎಫ್ ಅಂಕಿ ಕೇಳಿದಾಗಲೇ ತೊದಲುವುದು ಜಾಸ್ತಿ. ವಾಪಸ್ ಕೊಡುವ ಅವಧಿಯೊಳಗೆ ಮಸಿಯ ಅಂಕಿ ಬರುತ್ತದೆಯೇ ಎಂದು ನಿಮ್ಮ ಗಾಡಿಯಲ್ಲೇ ನೋಡಿಬಿಡಿ. ಐಫೋನ್ ಇದ್ದವರು ಬ್ಲೂಟೂತ್ ಎಲ್‌ಇ ಇದೆಯೇ ಎಂದು ಕೇಳಿಯೇ ಕೊಳ್ಳಿ.

ಕೋಡ್ ಅಳಿಸುವ ಬಟನ್ ಕೈಗೆ ಸಿಕ್ಕಿತೆಂದು ಒತ್ತಬೇಡಿ. ಪಿ2463 (ಫಿಲ್ಟರಿನಲ್ಲಿ ಮಸಿ ಹೆಚ್ಚಾಗಿದೆ ಎನ್ನುವ ಕೋಡ್) ಅಳಿಸಿದರೆ ದೀಪ ಆರೀತು, ಮಸಿ ಹಾಗೇ ಇರುತ್ತದೆ. ಜೊತೆಗೆ ತೊಂದರೆ ಆದ ಕ್ಷಣದ ಆರ್‌ಪಿಎಂ, ಲೋಡ್, ಉಷ್ಣತೆಯ ದಾಖಲೆಯೂ ಅಳಿದುಹೋಗುತ್ತದೆ. ಮೆಕ್ಯಾನಿಕ್‌ಗೆ ಬೇಕಾದದ್ದೇ ಅದು. ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಕೊನೆಗೊಂದು: ಸಾಕೆಟ್ ಮೊಣಕಾಲಿನ ಹತ್ತಿರ ಇರುವ ಗಾಡಿಯಲ್ಲಿ ಗಮ್‌ಬೂಟ್ ಹಾಕಿ ಹತ್ತುವಾಗ ಅಡಾಪ್ಟರಿಗೆ ಒದೆತ ಗ್ಯಾರಂಟಿ, ಪಿನ್ ಸಡಿಲಾಗುತ್ತದೆ. 30 ಸೆಂಟಿಮೀಟರಿನ ಚಪ್ಪಟೆ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ಅಡಾಪ್ಟರನ್ನು ಡ್ಯಾಶಿನ ಒಳಗೆ ಟೈ ಹಾಕಿ ಬಿಗಿಯಿರಿ. ವೈರು ಕ್ಲಚ್ ಪೆಡಲ್ ಕಡೆ ಜೋತಾಡದಂತೆ ನೋಡಿಕೊಳ್ಳಿ.