ಮೂರು ವರ್ಷ, 42,000 ಕಿ.ಮೀ.: ತುಮಕೂರಿನಲ್ಲಿ ನನ್ನ ಹೈಬ್ರಿಡ್ ಕಾರಿನ ಲೆಕ್ಕ

ಬಂಕಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ, "ಹೈವೇಲಿ ಎಷ್ಟು ಕೊಡುತ್ತೆ ಸಾರ್?" 20, 21 ಅಂದರೆ ಮುಖ ಸಪ್ಪಗಾಗುತ್ತದೆ. ಊರೊಳಗೆ 25 ಅಂದರೆ ನಂಬುವುದೇ ಇಲ್ಲ. ಮಾಮೂಲಿ ಕಾರು ಊರೊಳಗೆ ಕಮ್ಮಿ ಕೊಡುತ್ತೆ, ಹೈವೇಯಲ್ಲಿ ಜಾಸ್ತಿ ಅಲ್ವಾ? ಇದರದ್ದು ಉಲ್ಟಾ.

ನನ್ನದು 1.5 ಲೀಟರ್ ಪೆಟ್ರೋಲ್ ಸ್ಟ್ರಾಂಗ್ ಹೈಬ್ರಿಡ್. ಅಂದರೆ ಇಂಜಿನ್ ಜೊತೆ ಕರೆಂಟಿನ ಮೋಟಾರೂ ಇದೆ, ಬರೀ ಮೋಟಾರಿನಲ್ಲೂ ಸ್ವಲ್ಪ ದೂರ ಓಡುತ್ತದೆ. ಪ್ಲಗ್ ಹಾಕಿ ಚಾರ್ಜ್ ಮಾಡುವಂಥದ್ದಲ್ಲ. ಫುಲ್ ಟ್ಯಾಂಕ್ ಹಾಕಿಸಿದಾಗೆಲ್ಲ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಸರಾಸರಿ 22.5. ಡ್ಯಾಶ್‌ಬೋರ್ಡ್ ಯಾವಾಗಲೂ ಒಂದೂವರೆ ಜಾಸ್ತಿ ತೋರಿಸುತ್ತದೆ, ಅದನ್ನು ನಂಬಿ ಜಂಬ ಕೊಚ್ಚಬೇಡಿ.

ಬೆಳಿಗ್ಗೆ ಬಿ.ಎಚ್. ರಸ್ತೆಯಲ್ಲಿ ಬಟವಾಡಿಯಿಂದ ಟೌನ್‌ಹಾಲ್ ಸರ್ಕಲ್‌ಗೆ ಹೋದರೆ ಅರ್ಧ ದಾರಿ ಇಂಜಿನ್ ಆಫ್. ಬ್ರೇಕ್ ಒತ್ತಿದಾಗ ಮೋಟಾರೇ ಡೈನಮೋ ಥರ ತಿರುಗಿ ಬ್ಯಾಟರಿ ತುಂಬಿಸುತ್ತದೆ. ಸಿಗ್ನಲ್ ಬಿಟ್ಟಾಗ ಅದೇ ಕರೆಂಟಿನಲ್ಲಿ ಹೊರಡುತ್ತದೆ. ಹೈವೇಯಲ್ಲಿ ಬ್ರೇಕೇ ಒತ್ತುವುದಿಲ್ಲ, ಇನ್ನು ತುಂಬುವುದು ಎಲ್ಲಿಂದ? ಅಲ್ಲಿ ಉಳಿಸುವುದು ಅಟ್ಕಿನ್ಸನ್ ಸೈಕಲ್ ಇಂಜಿನ್. ಗಾಳಿ ಒಳಗೆ ಬರುವ ವಾಲ್ವ್ ತಡವಾಗಿ ಮುಚ್ಚುತ್ತದೆ. ಹಾಗಾಗಿ ಆ ಗಾಳಿಯನ್ನು ಒತ್ತಿ ಹಿಂಡುವ ಕೆಲಸ ಕಮ್ಮಿ, ಉರಿದ ಮೇಲೆ ಪಿಸ್ಟನ್ ತಳ್ಳುವ ಕೆಲಸ ಜಾಸ್ತಿ. ಇದರಿಂದ ಇಂಜಿನ್ನಿಗೆ ದಮ್ಮು ಸ್ವಲ್ಪ ಕಮ್ಮಿ, ಆ ಕೊರತೆಯನ್ನು ಮೋಟಾರು ತುಂಬುತ್ತದೆ. ಆದರೆ ಗಾಳಿಯ ತಡೆಗೆ ಯಾವ ಹೈಬ್ರಿಡ್ಡೂ ಮದ್ದಲ್ಲ. ಕ್ಯಾತ್ಸಂದ್ರ ಟೋಲ್ ದಾಟಿ 80ರಲ್ಲಿ ಹೋದರೆ 23, 110ರಲ್ಲಿ ಹೋದರೆ 18.

ದೇವರಾಯನದುರ್ಗ ಹತ್ತುವಾಗ ಇಂಜಿನ್ ಅರಚಿಕೊಳ್ಳುತ್ತದೆ. ಇಳಿಯುವಾಗ ಅರ್ಧ ದಾರಿಗೇ ಬ್ಯಾಟರಿ ಫುಲ್. ಅದು ಹಿಡಿಯುವುದೇ ಒಂದು ಯೂನಿಟ್ಟಿಗಿಂತ ಕಮ್ಮಿ ಕರೆಂಟು. ಆಮೇಲೆ ಪೆಟ್ರೋಲ್ ಸುಡದೆ ಇಂಜಿನ್ನನ್ನು ಸುಮ್ನೆ ತಿರುಗಿಸಿ ಆ ಶಕ್ತಿಯನ್ನು ಖರ್ಚು ಮಾಡುತ್ತದೆ. ಮೊದಲ ಸಲ ಆ ಸದ್ದು ಕೇಳಿ ಏನೋ ಕೆಟ್ಟಿತು ಅಂತ ಗಾಡಿ ನಿಲ್ಲಿಸಿದ್ದೆ. ಈಗ ಭಯ ಇಲ್ಲ, ಬರೀ ಹೊಟ್ಟೆಯುರಿ.

ತೊಂದರೆ ಎರಡು. ಒಮ್ಮೆ ಮೂರು ವಾರ ಗಾಡಿ ತೆಗೆಯಲಿಲ್ಲ, ಬಂದು ನೋಡಿದರೆ ಸತ್ತಂತೆ ಬಿದ್ದಿತ್ತು. ದೊಡ್ಡ ಬ್ಯಾಟರಿಯಲ್ಲಿ ಚಾರ್ಜ್ ಇತ್ತು. ಆದರೆ ಕಂಪ್ಯೂಟರ್‌ಗಳನ್ನು ಎಬ್ಬಿಸುವುದು 12 ವೋಲ್ಟಿನ ಪುಟ್ಟ ಬ್ಯಾಟರಿ, ಅದು ಇಳಿದುಹೋಗಿತ್ತು. ಪಕ್ಕದ ಮನೆಯವರ ಕಾರಿನಿಂದ ಜಂಪ್ ಕೊಟ್ಟ ಮೇಲೆ ಎದ್ದಿತು. ಇನ್ನೊಂದಕ್ಕೆ ನಮ್ಮಪ್ಪನೇ ಕಾರಣ. ಹಿಂದಿನ ಸೀಟಿನ ಹತ್ತಿರ ಬ್ಯಾಟರಿಗೆ ತಂಪುಗಾಳಿ ಎಳೆದುಕೊಳ್ಳುವ ಜಾಲರಿ ಇದೆ. ಡಿಕ್ಕಿ ಚಿಕ್ಕದು, ಹಾಗಾಗಿ ತೋಟದಿಂದ ತಂದ ತೆಂಗಿನಕಾಯಿ ಚೀಲ ಸೀದಾ ಆ ಜಾಲರಿಗೆ ಒರಗುತ್ತಿತ್ತು. ಬಿಸಿಯಾದರೆ ಬ್ಯಾಟರಿ ಕೆಲಸ ಕಮ್ಮಿ ಮಾಡುತ್ತದೆ, ಇಂಜಿನ್ ಜಾಸ್ತಿ ಓಡುತ್ತದೆ. ಆ ಬೇಸಿಗೆಯಲ್ಲಿ ಊರೊಳಗಿನ ಮೈಲೇಜ್ 21ಕ್ಕೆ ಇಳಿದಿತ್ತು. ಫಿಲ್ಟರ್ ತೆಗೆದರೆ ಬೆರಳು ದಪ್ಪ ಧೂಳು, ಅದರ ಜೊತೆ ತೆಂಗಿನ ನಾರು.

ಈಗ ದುಡ್ಡಿನ ಮಾತು. ಮಾಮೂಲಿ ಪೆಟ್ರೋಲ್ ಮಾಡೆಲ್ಲಿಗಿಂತ ನಾನು ಎರಡೂವರೆ ಲಕ್ಷ ಜಾಸ್ತಿ ಕೊಟ್ಟೆ. ಅದಕ್ಕೆ 15 ಮೈಲೇಜ್, ಪೆಟ್ರೋಲಿಗೆ 102 ರೂಪಾಯಿ ಅಂತ ಹಿಡಿದರೂ ಇಲ್ಲಿವರೆಗೆ ಉಳಿದಿರುವುದು ಸುಮಾರು 95,000. ಕೊಟ್ಟ ದುಡ್ಡು ಪೂರ್ತಿ ವಾಪಸ್ ಬರಲು 1.1 ಲಕ್ಷ ಕಿ.ಮೀ. ಓಡಬೇಕು. ನನ್ನ ಓಡಾಟ ಬಹುಪಾಲು ಊರೊಳಗೇ, ಕಾಯುತ್ತೇನೆ.

ನಮ್ಮ ಭಾವನಿಗೆ ವಾರಕ್ಕೆ ಎರಡು ಸಲ ಚಿತ್ರದುರ್ಗದ ಕೆಲಸ, 100ಕ್ಕಿಂತ ಕೆಳಗೆ ಓಡಿಸಿದ್ದನ್ನು ನಾನು ನೋಡಿಲ್ಲ. ಹೋದ ತಿಂಗಳು ಕೇಳಿದರು. ನಿಮಗೆ ಇದು ಬೇಡ ಭಾವ ಅಂದೆ.